ವಾಲಿಗೆಂತಾ ಅರ್ಜೆಂಟು?

ಪ್ರತಿ ಶುಕ್ರವಾರ ಆಫೀಸಿಗೆ ನಾನೊಂದು ಟೈಮ್‌ಶೀಟ್ ತುಂಬಿ ಕಳಿಸಬೇಕು. ಯಾವ ಕೆಲಸಕ್ಕೆ ಎಷ್ಟು ಗಂಟೆ ಹೋಯ್ತು ಅಂತ. ಕಳೆದ ಆಷಾಢದಲ್ಲಿ ಹೊನ್ನಾವರಕ್ಕೆ ಹೊರಟಾಗ ಅದನ್ನು ಬಸ್ಸಲ್ಲೇ ತುಂಬಿದೆ. ಸಂಜೆ ದೊಡ್ಡಪ್ಪನ ಜೊತೆ ತಾಳಮದ್ದಲೆಗೆ ಹೋದೆ. ಪ್ರಸಂಗ ವಾಲಿವಧೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸೋಕೆ ಶುರು ಮಾಡಿದ. ಮುಕ್ಕಾಲು ಗಂಟೆ ಆದರೂ ಸಾಯಲಿಲ್ಲ. ನಾನು ಮೊಬೈಲಲ್ಲಿ ಟೈಮ್ ನೋಡಿದ್ದು ದೊಡ್ಡಪ್ಪನಿಗೆ ಕಂಡಿತು. "ನಿಧಾನಕ್ಕೆ ಸಾಯ್ಲಿ ಬಿಡು ತಮಾ, ಅವಂಗೆಂತಾ ಅರ್ಜೆಂಟು?"

ನೋಡದವರಿಗೆ ಹೇಳುವುದಾದರೆ, ತಾಳಮದ್ದಲೆ ಅಂದರೆ ವೇಷ, ಕುಣಿತ ಎರಡೂ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಲೆ ನುಡಿಯುತ್ತದೆ, ಪಂಚೆ-ಶಾಲಿನಲ್ಲಿ ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಮಾತಲ್ಲಿ ಬಿಡಿಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ರಾಮ ಏನು ಉತ್ತರ ಕೊಡುತ್ತಾನೆ ಅನ್ನೋದು ವಾಲಿಗೇ ಗೊತ್ತಿರುವುದಿಲ್ಲ. ಈವತ್ತಿನ ವಾಲಿ ನಾಳೆ ಸಿಗುವುದಿಲ್ಲ.

ಬಳ್ಳಾರಿ ಕಡೆಯ ಕುರುಗೋಡು ಸೋಮಸಮುದ್ರದಲ್ಲಿ 1556ರ ಒಂದು ಶಾಸನವಿದೆ. ತಾಳಮದ್ದಲೆಯವರಿಗೆ ಭೂಮಿ ದಾನ ಕೊಟ್ಟ ಸಂಗತಿ ಅದರಲ್ಲಿದೆ. ನನಗೆ ಇಷ್ಟವಾಗುವುದು ಅದು ಹಳೆಯದು ಅಂತಲ್ಲ, ಕೊಟ್ಟಿದ್ದು ಭೂಮಿ ಅಂತ. ಆಟಕ್ಕಿಷ್ಟು ಅಂತ ಲೆಕ್ಕ ಹಾಕಿದ ದುಡ್ಡಲ್ಲ, ವರ್ಷವಿಡೀ ಅನ್ನ ಕೊಡುವ ನೆಲ. ಎಷ್ಟು ಮಾತಾಡಿದೆ ಅಂತ ಅಳೆಯದೆ ಮಾತುಗಾರನನ್ನು ಸಾಕುವ ಒಂದು ದಾರಿ ಅದು.

ನಮ್ಮ ಕರಾವಳಿಗೆ ಬಂದರೆ ಲೆಕ್ಕ ಬೇರೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರದ ಗುಣವಂತೆಯಲ್ಲಿ ಇಡಗುಂಜಿ ಮೇಳ ಕಟ್ಟಿದರು. ಮುಂದೆ ಟೆಂಟ್ ಮೇಳಗಳ ಕಾಲ ಬಂತು. ಟಿಕೆಟ್ ಇಟ್ಟ ಮೇಲೆ ಕಲೆಕ್ಷನ್ ಬಂತು, ಕಲೆಕ್ಷನ್ನಿನ ಹಿಂದೆ ಹೊಸ ಪ್ರಸಂಗ ಬೇಕು ಅನ್ನುವ ಒತ್ತಡ ಬಂತು. ಮಳೆ ನಿಂತಲ್ಲಿಂದ ಮತ್ತೆ ಮಳೆ ಹಿಡಿಯುವವರೆಗೆ ದಿನಾ ರಾತ್ರಿ ಆಟ, ಹಗಲು ಪ್ರಯಾಣ, ಸಿಕ್ಕಲ್ಲಿ ನಿದ್ದೆ. ಹಾಗಾಗಿ ಇಡೀ ರಾತ್ರಿಯ ಆಟ ಹೋಗಿ ಎರಡೂವರೆ ಗಂಟೆಯ ಕಾಲಮಿತಿ ಬಂತು ಅಂತ ನಾವು ಬೆಂಗಳೂರಲ್ಲಿ ಕೂತು ಅಳುವಾಗ ನನಗೆ ಸ್ವಲ್ಪ ಮುಜುಗರ ಆಗುತ್ತದೆ. ರಾತ್ರಿ ಪೂರ್ತಿ ಎಚ್ಚರವಿದ್ದು ದುಡಿದವರು ಅವರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡಾಗ ಅವರಿಗೆ 84. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ನಾವು ಅದನ್ನು ಉತ್ಸಾಹ ಅಂದೆವು, ಚಪ್ಪಾಳೆ ತಟ್ಟಿದೆವು. ಆ ವಯಸ್ಸಲ್ಲಿ ಕಲಾವಿದನಿಗೆ ಪಿಂಚಣಿ ಎಲ್ಲಿಂದ ಅಂತ ಕೇಳಿದವರು ಕಮ್ಮಿ.

ತಾಳಮದ್ದಲೆ ಹುಟ್ಟಿಕೊಳ್ಳುವುದು ಈ ಓಟದ ಹೊರಗೆ, ಮಳೆಗಾಲದಲ್ಲಿ. ಮೇಳಗಳು ಗೂಡು ಸೇರಿದಾಗ ಭಟ್ಕಳದಿಂದ ಕುಮಟಾವರೆಗೆ ದೇವಸ್ಥಾನದ ಹಾಲ್, ಯಾರದೋ ಮನೆಯ ಜಗಲಿ, ಎಲ್ಲಿ ನಾಲ್ಕು ಜನ ಸೇರಿದರೂ ಸಾಕು. ಇಲ್ಲಿ ಮೇಷ್ಟ್ರು, ವಕೀಲರು, ಅಡಿಕೆ ತೋಟದವರೂ ಅರ್ಥ ಹೇಳುತ್ತಾರೆ. ಮಾತು ತೀರಾ ಎಳೆದರೆ ಭಾಗವತರು ತಾಳ ಮುಟ್ಟುತ್ತಾರೆ, ಸಾಕಪ್ಪಾ ಅಂತ. ಅರ್ಥಧಾರಿ ಮುಂದಿನ ಪದ್ಯಕ್ಕೆ ಎತ್ತುಗಡೆ ಕೊಟ್ಟು ನಿಲ್ಲಿಸಬೇಕು. ಗಡಿಯಾರ ಇಲ್ಲ ಅಂತಲ್ಲ, ಆದರೆ ಅದನ್ನು ಹಿಡಿದವನಿಗೆ ಕಥೆ ಗೊತ್ತಿರುತ್ತದೆ. ನನ್ನ ಟೈಮ್‌ಶೀಟ್ ನೋಡುವವರ ಬಗ್ಗೆ ಹಾಗೆ ಹೇಳಲಾರೆ.

ಮರುವಾರ ಕುಮಟಾ ಕಡೆ ಮತ್ತೆ ಅದೇ ವಾಲಿವಧೆ, ವಾಲಿ ಮಾತ್ರ ಬೇರೆ. ಅವರಿಗೆ ಆ ದಿನ ಇನ್ನೆರಡು ಕೂಟ ಒಪ್ಪಿಕೊಂಡಾಗಿತ್ತು, ಹೊರಗೆ ಕಾರು ಕಾಯುತ್ತಿತ್ತು. ಇಪ್ಪತ್ತೇ ನಿಮಿಷಕ್ಕೆ ವಾಲಿ ಸತ್ತ. ದೊಡ್ಡಪ್ಪ ಕೊಡೆ ಬಿಡಿಸುತ್ತಾ, "ಪಾಪ, ಅವರಿಗೂ ಸಂಸಾರ ಇದೆ" ಅಂದರು. ಮನೆ ಮುಟ್ಟುವವರೆಗೆ ಮತ್ತೆ ಮಾತಾಡಲಿಲ್ಲ.