ಜಿಲ್ಲೆಯ ಗಡಿಯೂ ಪಂಗಡದ ಹೆಸರೂ: ಉತ್ತರ ಕನ್ನಡದ ಸಿದ್ದಿಗಳು

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಶಿರಸಿ ತಾಲ್ಲೂಕುಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಗಳು ಆಫ್ರಿಕಾ ಮೂಲದವರು. ಇವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಸಹ್ಯಾದ್ರಿ ಆಶ್ರಯವಿತ್ತಿತು. ಸಿದ್ದಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಕ್ರೈಸ್ತ ಸಿದ್ದಿಗಳ ಹೆಸರುಗಳಲ್ಲಿ ಪೋರ್ಚುಗೀಸ್ ಧ್ವನಿ ಇಂದಿಗೂ ಕೇಳಿಸುತ್ತದೆ. ಇದನ್ನು ಸುವಾರ್ತಾ ಸೇವೆಯ ಫಲವೆಂದಷ್ಟೇ ಬರೆದು ಮುಗಿಸುವ ಸಭಾಚರಿತ್ರೆ ಅರೆಸತ್ಯವನ್ನು ಹೇಳುತ್ತದೆ.

ಸಂವಿಧಾನದ 342ನೆಯ ವಿಧಿಯಂತೆ ಪರಿಶಿಷ್ಟ ಪಂಗಡಗಳ ಪಟ್ಟಿ ರಾಜ್ಯರಾಜ್ಯಕ್ಕೆ ಬೇರೆ. ಶಿಫಾರಸು ರಾಜ್ಯದ್ದು, ತಿದ್ದುವ ಅಧಿಕಾರ ಸಂಸತ್ತಿನದು. 1965ರ ಲೋಕೂರ್ ಸಮಿತಿಯು ಆದಿಮ ಲಕ್ಷಣ, ಪ್ರತ್ಯೇಕ ಸಂಸ್ಕೃತಿ, ಭೌಗೋಳಿಕ ಏಕಾಂತ, ಬೆರೆಯುವಲ್ಲಿ ಸಂಕೋಚ, ಹಿಂದುಳಿದಿರುವಿಕೆ ಎಂಬ ಐದು ಮಾನದಂಡಗಳನ್ನು ಹೇಳಿತು. ಸಂಕೋಲೆಯಲ್ಲಿ ಸಮುದ್ರ ದಾಟಿಸಲ್ಪಟ್ಟವರ ಸಂತತಿ ಈ ನೆಲದ ಬುಡಕಟ್ಟೆಂದು ಗುರುತಿಸಿಕೊಳ್ಳಲು ಇಂಥ ಅಳತೆಗೋಲಿನ ಮುಂದೆ ನಿಲ್ಲಬೇಕಾಯಿತು. ಸಂಘಟನೆ ಕಟ್ಟಿಕೊಂಡು ದಶಕಗಳ ಕಾಲ ಮನವಿ ಸಲ್ಲಿಸಿದ ಮೇಲೆ, 2003ರಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯಿದೆಯ ಮೂಲಕ ಸಿದ್ದಿಗಳ ಹೆಸರು ಪಟ್ಟಿಗೆ ಸೇರಿತು.

ಇಲ್ಲಿ ದೇವಶಾಸ್ತ್ರದ ವಿದ್ಯಾರ್ಥಿ ಗಮನಿಸಬೇಕಾದ ಸಂಗತಿಯೊಂದಿದೆ. ಪರಿಶಿಷ್ಟ ಜಾತಿಗಳ 1950ರ ಆದೇಶವು ಧರ್ಮವನ್ನು ನೋಡುತ್ತದೆ. ಆದ್ದರಿಂದಲೇ ದಲಿತ ಕ್ರೈಸ್ತರು ಇಂದಿಗೂ ಹೊರಗಿದ್ದಾರೆ. ಪಂಗಡಗಳ ಪಟ್ಟಿಗೆ ಆ ಷರತ್ತಿಲ್ಲ. ಹೀಗಾಗಿ ಮೂರು ರೀತಿಯಲ್ಲಿ ಪ್ರಾರ್ಥಿಸುವ ಜನ ಒಂದೇ ಹೆಸರಿನಲ್ಲಿ ಮಾನ್ಯತೆ ಪಡೆದರು. ದೀಕ್ಷಾಸ್ನಾನ ಹೊಂದಿದ ಸಿದ್ದಿಗೆ ತನ್ನವರ ಪಾಲು ತಪ್ಪಲಿಲ್ಲ.

ಆದರೆ 2003ರ ಪಟ್ಟಿಯಲ್ಲಿದ್ದುದು ಬರಿಯ ‘ಸಿದ್ದಿ’ ಎಂದಲ್ಲ, ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಎಂದು. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿರುವ ಅವರ ನೆಂಟರು 2020ರ ತಿದ್ದುಪಡಿಯವರೆಗೆ, ಹದಿನೇಳು ವರ್ಷ, ಹೊರಗುಳಿದರು. ಇದು ಗೌರವದ ಪ್ರಶ್ನೆ ಮಾತ್ರವಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ಪರಿಶಿಷ್ಟ ಪಂಗಡದವರಿಂದ 2005ರ ಡಿಸೆಂಬರ್ 13ಕ್ಕೆ ಮುಂಚಿನ ಸಾಗುವಳಿಯ ಸಾಕ್ಷ್ಯವನ್ನು ಕೇಳಿದರೆ, ಇತರ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಸಾಕ್ಷ್ಯವನ್ನು ಕೇಳುತ್ತದೆ. ಕಾಗದಪತ್ರವೇ ಇಲ್ಲದೆ ಬದುಕಿದವರು ಅದನ್ನು ಎಲ್ಲಿಂದ ತರಬೇಕು? ಚಲ್ಪಹಾದನ ಕುಮಾರ್ತೆಯರು ತಂದೆಯ ಹೆಸರು ಅಳಿಯಬಾರದೆಂದು ಮೋಶೆಯ ಮುಂದೆ ನಿಂತು ಕೇಳಿದ್ದೂ ಭೂಮಿಯನ್ನೇ (ಅರಣ್ಯಕಾಂಡ 27). ಹೆಸರು ಮತ್ತು ಹೊಲ ಅಲ್ಲಿಯೂ ಬೇರೆಬೇರೆಯಾಗಿರಲಿಲ್ಲ.

ಪ್ರಾತಿನಿಧ್ಯದ ಮಾತು ಇನ್ನೂ ಕಠಿಣ. ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೂ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದದ್ದು ನಾಮನಿರ್ದೇಶನದಿಂದ. ಅವರ ಸಮುದಾಯದಿಂದ ಶಾಸಕರಾದ ಮೊದಲಿಗರು ಅವರು.

ಸಿದ್ದಿಗಳನ್ನು ಮಾನ್ಯಮಾಡಿದ ಅದೇ 2003ರ ಕಾಯಿದೆ ಗೋವೆಯ ಕುಣಬಿಗಳನ್ನೂ ಆ ರಾಜ್ಯದ ಪಟ್ಟಿಗೆ ಸೇರಿಸಿತು. ಗಡಿಯ ಈಚೆ, ಜೋಯಿಡಾದ ಕುಣಬಿಗಳ ಮನವಿ ಇನ್ನೂ ಈಡೇರಿಲ್ಲ.