ಘಟ್ಟದ ಕಡೆ ಮುಖ ಮಾಡಿದ ರೇಡಿಯೋ

ಅರ್ಗಾದ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ಅಜ್ಜನ ಟ್ರಾನ್ಸಿಸ್ಟರ್ ಸಮುದ್ರಕ್ಕೆ ಬೆನ್ನು ಹಾಕಿ, ಘಟ್ಟದ ಕಡೆ ಮುಖ ಮಾಡಿ ಕೂತಿರುತ್ತಿತ್ತಂತೆ. ತುಸು ತಿರುಗಿಸಿದರೂ ಧಾರವಾಡ ಆಕಾಶವಾಣಿಯ ದನಿ ಸಣ್ಣದಾಗುತ್ತಿತ್ತು. ಆ ಮನೆ ನನಗೆ ನೆನಪಿಲ್ಲ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ಯೋಜನೆ 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆಯಾಯಿತು. ಅದಕ್ಕಾಗಿ ಜಾಗ ಬಿಟ್ಟ ಮನೆಗಳಲ್ಲಿ ನಮ್ಮದೂ ಒಂದು. ಅಲ್ಲಿಂದ ಹೊತ್ತು ತಂದ ಸಾಮಾನುಗಳಲ್ಲಿ ಆ ರೇಡಿಯೋ ಇತ್ತು.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಅದನ್ನು ಬಿಚ್ಚಿದೆ. ಒಳಗೆ ತಾಮ್ರದ ತಂತಿ ಸುತ್ತಿದ ಕಪ್ಪು ಸರಳು. ಕಬ್ಬಿಣವೆಂದುಕೊಂಡಿದ್ದೆ, ಕೈಜಾರಿ ಬಿದ್ದು ಹೆಂಚಿನಂತೆ ಎರಡು ತುಂಡಾಯಿತು. “ತಮಾ, ಇನ್ನು ಧಾರವಾಡ ಬರೂದಿಲ್ಲ” ಎಂದರು ಅಜ್ಜ. ಬೈಯಲಿಲ್ಲ.

ಅದು ಫೆರೈಟ್. ಕಬ್ಬಿಣದ ಆಕ್ಸೈಡಿನ ಜೊತೆ ಬೇರೆ ಲೋಹಗಳ ಆಕ್ಸೈಡ್ ಬೆರೆಸಿ ಸುಟ್ಟ ಸೆರಾಮಿಕ್. ಒಂದರ್ಥದಲ್ಲಿ ಕುಂಬಾರಿಕೆಯ ಕೂಸು. 1930ರಲ್ಲಿ ಟೋಕಿಯೋದಲ್ಲಿ ಯೊಗೊರೊ ಕಾಟೊ ಮತ್ತು ತಕೇಶಿ ತಕೇಯಿ ಇದನ್ನು ರೂಪಿಸಿದರು. 1935ರಲ್ಲಿ ಇದನ್ನೇ ತಯಾರಿಸಲು ಟಿಡಿಕೆ ಕಂಪನಿ ಹುಟ್ಟಿತು. ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸ್ನೂಕ್ ಇದನ್ನು ಮತ್ತಷ್ಟು ಬೆಳೆಸಿದರು. ಕಬ್ಬಿಣವಿದ್ದೂ ಲೋಹವಲ್ಲದಿರುವುದೇ ಇದರ ಗುಣ. ವೇಗವಾಗಿ ಬದಲಾಗುವ ಕಾಂತಕ್ಷೇತ್ರದಲ್ಲಿ ಲೋಹದೊಳಗೆ ವಿದ್ಯುತ್ತು ಸುಳಿಯಾಗಿ ತಿರುಗಿ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಫೆರೈಟಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ಕಾಂತತ್ವ ಮಾತ್ರ ಹಾಯುತ್ತದೆ. ರೇಡಿಯೋ ಅಲೆ ಬರುವ ದಾರಿಗೆ ಸರಳು ಅಡ್ಡವಾಗಿ ಮಲಗಿದ್ದರೆ ಹೆಚ್ಚು ಹಿಡಿಯುತ್ತದೆ. ಅಜ್ಜನ ರೇಡಿಯೋ ಘಟ್ಟದ ಕಡೆ ಮುಖ ಮಾಡಿದ್ದರ ಗುಟ್ಟು ಇದು.

ಕಾಂತತ್ವ ಬಂದದ್ದೆಲ್ಲಿಂದ? 1948ರಲ್ಲಿ ಫ್ರಾನ್ಸಿನ ಲೂಯಿ ನೀಲ್ ಉತ್ತರಿಸಿದರು: ಹರಳಿನೊಳಗೆ ಅಣುಕಾಂತಗಳ ಎರಡು ಗುಂಪು ಎದುರುಬದುರು ನಿಂತಿರುತ್ತವೆ, ಬಲ ಸಮವಲ್ಲದ್ದರಿಂದ ಕಳೆದು ಉಳಿದದ್ದೇ ನಮಗೆ ಕಾಣುವ ಕಾಂತತ್ವ. 1970ರಲ್ಲಿ ಅವರಿಗೆ ನೊಬೆಲ್ ಸಂದಿತು.

ಈಗ ನಾನು ಧಾರವಾಡದಲ್ಲಿ ಫೆರೈಟ್ ಸುಡುವ ಸಂಶೋಧನಾ ವಿದ್ಯಾರ್ಥಿ. ಕೆಂಪು ಪುಡಿಯನ್ನು ತೂಗಿ, ಬೆರೆಸಿ, ಒಮ್ಮೆ ಸುಟ್ಟು, ನುಣ್ಣಗೆ ಅರೆದು, ಅಚ್ಚಿಗೆ ಒತ್ತಿ, ಸಾವಿರ ಡಿಗ್ರಿ ಮೀರಿದ ಕುಲುಮೆಯಲ್ಲಿ ಮತ್ತೆ ಸುಡುತ್ತೇವೆ. ಬಿಲ್ಲೆ ಕುಗ್ಗುತ್ತದೆ, ಕಪ್ಪಾಗುತ್ತದೆ. ಬೇಗ ತಣಿಸಿದರೆ ಬಿರುಕು ಬಿಡುತ್ತದೆ. ಕುಂಬಾರರ ಆವಿಗೆಯ ನಿಯಮವೇ ಇಲ್ಲೂ.

ಆ ಕೆಂಪು ನನಗೆ ಹೊಸದಲ್ಲ. ಹೊಸಪೇಟೆ, ಸಂಡೂರಿನ ಅದಿರು ಹೊತ್ತ ಲಾರಿಗಳು ಯಲ್ಲಾಪುರದ ಘಟ್ಟ ಇಳಿದು ಅಂಕೋಲೆಯ ಬೇಲೆಕೇರಿ ಬಂದರಿಗೆ ಸಾಲುಗಟ್ಟುತ್ತಿದ್ದ ಕಾಲದಲ್ಲಿ ರಸ್ತೆಬದಿಯ ಎಲೆಗಳೆಲ್ಲ ಇದೇ ಬಣ್ಣ. 2010ರಲ್ಲಿ ಮುಟ್ಟುಗೋಲಾದ ಅದಿರೇ ಬಂದರಿನಿಂದ ಮಾಯವಾಗಿ ನಾಡಿಗೆಲ್ಲ ಸುದ್ದಿಯಾಯಿತು. ಅದಿರು ಹೆಚ್ಚಾಗಿ ಹೋದದ್ದು ಚೀನಾಕ್ಕೆ; ಇಂದು ಫೆರೈಟ್ ತಯಾರಿಕೆಯಲ್ಲೂ ಚೀನಾವೇ ಮುಂದು. ಅದಿರು ನೇರವಾಗಿ ಫೆರೈಟ್ ಆಗುವುದಿಲ್ಲ ನಿಜ. ಉಕ್ಕಿನ ಹಾಳೆಯನ್ನು ಆಮ್ಲದಲ್ಲಿ ತೊಳೆದಾಗ ಕರಗುವ ಕಬ್ಬಿಣದಿಂದಲೇ ಕಾರ್ಖಾನೆಗಳು ಹೆಚ್ಚಾಗಿ ಆ ಪುಡಿ ತೆಗೆಯುತ್ತವೆ. ಮಣ್ಣಿನಿಂದ ಅಯಸ್ಕಾಂತದವರೆಗಿನ ಪ್ರತಿ ಮೆಟ್ಟಿಲಿನಲ್ಲೂ ಬೆಲೆ ಏರುತ್ತದೆ. ನಮ್ಮ ದಾರಿಬದಿಯವರ ಪಾಲಿಗೆ ಬಂದದ್ದು ಮೊದಲ ಮೆಟ್ಟಿಲಿನ ಧೂಳು.

ಹೋದ ವರ್ಷ ಆ ಸರಳಿನ ತುಂಡುಗಳನ್ನು ಅಂಟಿಸಿ ರೇಡಿಯೋಕ್ಕೆ ಸೇರಿಸಿ ಊರಿಗೆ ಒಯ್ದೆ. ಅಜ್ಜ ಈಗಿಲ್ಲ. ಪುನರ್ವಸತಿ ಮನೆಯ ಜಗಲಿ ರಸ್ತೆಗೆ ಮುಖ ಮಾಡಿದೆ. ರೇಡಿಯೋವನ್ನು ಮಾತ್ರ ಘಟ್ಟದ ಕಡೆ ತಿರುಗಿಸಿಟ್ಟೆ. ಧಾರವಾಡ ಬಂತು, ಗೊರಗೊರ ಸದ್ದಿನ ನಡುವೆ.