ಕುಶ್ ರಾಣಿ ಅಮಾನಿರೇನಸ್: ಗೆದ್ದವರ ಬರಹದಿಂದ ಮೆರೋಯೆಯ ಮಣ್ಣಿಗೆ

ಈಜಿಪ್ಟ್ ರೋಮಿನ ವಶವಾದದ್ದು ಕ್ರಿ.ಪೂ. 30ರಲ್ಲಿ. ಐದಾರು ವರ್ಷಗಳಲ್ಲೇ ದಕ್ಷಿಣದ ಕುಶ್ ರಾಜ್ಯದ ಸೈನ್ಯ ನೈಲ್ ಗುಂಟ ಬಂದು ಗಡಿಯ ಸಯೀನ್, ಎಲಿಫೆಂಟೀನ್, ಫಿಲೆಗಳ ಮೇಲೆ ಎರಗಿ ರೋಮನ್ ಚಕ್ರವರ್ತಿ ಅಗಸ್ಟಸ್‌ನ ಪ್ರತಿಮೆಗಳನ್ನು ಕೆಡವಿತು. ಆ ಯುದ್ಧದ ರಾಣಿ ಅಮಾನಿರೇನಸ್ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಮತ. ಅವಳ ಅಧ್ಯಯನ ಬೆಳೆದು ಬಂದ ಬಗೆ ಎಂದರೆ, ಸೋತವಳೆಂದು ದಾಖಲಾದವಳ ನೆಲದಿಂದಲೇ ಸಾಕ್ಷ್ಯ ಹುಡುಕಿದ ಕಥೆ.

ಬಹುಕಾಲ ಈ ಯುದ್ಧಕ್ಕೆ ಆಧಾರವಾಗಿದ್ದದ್ದು ಗ್ರೀಕ್ ಭೂಗೋಳಕಾರ ಸ್ಟ್ರೇಬೋನ ಬರಹ. ರಾಣಿ ಒಕ್ಕಣ್ಣಿನವಳು, ಗಂಡುಸ್ವಭಾವದವಳು ಎಂದ ಅವನು, ಅವಳ 30,000 ಮಂದಿಯನ್ನು ರೋಮನ್ ಅಧಿಕಾರಿ ಪೆಟ್ರೋನಿಯಸ್ 10,000ಕ್ಕೂ ಕಡಿಮೆ ಕಾಲಾಳುಗಳಿಂದ ಹಿಮ್ಮೆಟ್ಟಿಸಿ ಕುಶ್‌ನ ನಪಾಟ ನಗರವನ್ನು ಹಾಳುಗೆಡವಿದನೆಂದು ಬರೆದ. ಅಗಸ್ಟಸ್ ಕೂಡ ತನ್ನ ಸಾಧನೆಗಳ ಶಾಸನದಲ್ಲಿ ನಪಾಟ ಮುಟ್ಟಿದ್ದನ್ನು ಹೇಳಿಕೊಂಡ. ಆದರೆ ಸಾಮೋಸ್ ದ್ವೀಪದಲ್ಲಿ ಅಗಸ್ಟಸ್‌ನ ಬಳಿ ಕುಶ್ ದೂತರು ಕೇಳಿದ್ದೆಲ್ಲ ಸಿಕ್ಕಿತು, ಕಪ್ಪವೂ ಮನ್ನಾ ಆಯಿತು ಎಂಬ ಮಾತೂ ಸ್ಟ್ರೇಬೋನಲ್ಲೇ ಇದೆ. ಗೆಲುವಿನ ವರ್ಣನೆಗೆ ಮರುಳಾದವರು ಈ ಸಂಧಿಯನ್ನು ತೂಗಿ ನೋಡಲಿಲ್ಲ.

19ನೇ ಶತಮಾನದಲ್ಲಿ ಯುರೋಪಿನ ಅನ್ವೇಷಕರಾದ ಕಯ್ಯೋ ಮತ್ತು ಲೆಪ್ಸಿಯಸ್ ಇಂದಿನ ಸುಡಾನಿನಲ್ಲಿರುವ ಕುಶ್ ರಾಜಧಾನಿ ಮೆರೋಯೆಯ ಪಿರಮಿಡ್‌ಗಳ ಚಿತ್ರ, ಶಾಸನಗಳನ್ನು ದಾಖಲಿಸಿದರು. ಅದೇ ಕಾಲದಲ್ಲಿ, 1834ರಲ್ಲಿ, ಇಟಲಿಯ ಫೆರ್ಲಿನಿ ಒಡವೆಗಾಗಿ ಅಮಾನಿಶಖೆಟೊ ರಾಣಿಯ ಪಿರಮಿಡ್ಡನ್ನೇ ಒಡೆದ. ಜ್ಞಾನದಾಹ, ಲೂಟಿ ಎರಡೂ ಒಂದೇ ದಾರಿಯಲ್ಲಿ ಬಂದವು.

ನಿಜವಾದ ತಿರುವು 1910ರದು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಗಾರ್‌ಸ್ಟಾಂಗ್‌ಗೆ ಮೆರೋಯೆಯ ಗುಡಿಯೊಂದರ ಮೆಟ್ಟಿಲಡಿ ಅಗಸ್ಟಸ್‌ನ ಕಂಚಿನ ತಲೆ ದೊರೆಯಿತು. ಒಳಹೋಗುವವರೆಲ್ಲ ತುಳಿದೇ ಸಾಗುವಂತೆ ಚಕ್ರವರ್ತಿಯನ್ನು ಅಲ್ಲಿ ಹೂತಿದ್ದರು. 1914ರಲ್ಲಿ ಹಮದಾಬ್‌ನಲ್ಲಿ ಅಮಾನಿರೇನಸ್ ಮತ್ತು ರಾಜಕುಮಾರ ಅಕಿನಿದಾದ್‌ರ ಹೆಸರಿರುವ ಶಿಲಾಶಾಸನ ಸಿಕ್ಕಿತು. ಅಷ್ಟರಲ್ಲಿ ವಿದ್ವಾಂಸ ಗ್ರಿಫಿತ್ ಕುಶ್‌ನ ಮೆರೋಯಿಟಿಕ್ ಲಿಪಿಯ 23 ಅಕ್ಷರಗಳ ಧ್ವನಿಮೌಲ್ಯ ಬಿಡಿಸಿದ್ದರಿಂದ ಆ ಹೆಸರುಗಳನ್ನು ಓದಲು ಸಾಧ್ಯವಾಯಿತು. ವಾಕ್ಯಗಳ ಅರ್ಥ ಮಾತ್ರ ಇಂದಿಗೂ ಬಹುಪಾಲು ಕೈಗೆಟುಕಿಲ್ಲ.

ಮುಂದೆ ಪುರಾತತ್ವಜ್ಞ ರೈಸ್ನರ್ ಕುಶ್ ಅರಸರ ಸಮಾಧಿಗಳನ್ನು ಅಗೆದು ಅರಸರ ಕಾಲಾನುಕ್ರಮ ಕಟ್ಟಿದ. ಆದರೆ ಕರಿಯ ಆಫ್ರಿಕನ್ನರಿಗೆ ಇಂಥ ನಾಗರಿಕತೆ ಸಾಧ್ಯವಿಲ್ಲವೆಂಬ ಪೂರ್ವಗ್ರಹ ಅವನ ವ್ಯಾಖ್ಯಾನವನ್ನು ಕೆಡಿಸಿತು. ಆಸ್ವಾನ್ ಅಣೆಕಟ್ಟಿನ ಕಾಲದ ರಕ್ಷಣಾ ಉತ್ಖನನಗಳು, 1965ರಿಂದ ಮೆರೋಯೆಯಲ್ಲಿ ಶಿನ್ನಿ ನಡೆಸಿದ ಕೆಲಸ, ಟೊರೊಕ್‌ರ ಇತಿಹಾಸ ಗ್ರಂಥಗಳು ಆ ನೋಟವನ್ನು ತಿದ್ದಿ, ಕುಶ್ ರಾಜ್ಯವನ್ನು ಅದರದೇ ನೆಲೆಯಲ್ಲಿ ನೋಡಲು ಕಲಿಸಿದವು. ಸ್ಟ್ರೇಬೋ ರಾಣಿಯನ್ನು ಕರೆದ ಕಂಡಾಕೆ ಎಂಬುದು ಒಬ್ಬಳ ಹೆಸರಲ್ಲ, ರಾಜಮನೆತನದ ಹೆಣ್ಣಿನ ಪದವಿ. ಅಮಾನಿರೇನಸ್ ಅದರೊಂದಿಗೆ ‘ಕೋರೆ’, ಅಂದರೆ ಆಳುವ ಅರಸ ಎಂಬ ಬಿರುದನ್ನೂ ಹೊತ್ತಿದ್ದಳು. ಸ್ಟ್ರೇಬೋ ವಿಚಿತ್ರವೆಂದು ಕಂಡದ್ದು ಅಲ್ಲಿನ ರಾಜ್ಯಪದ್ಧತಿಯೇ ಆಗಿತ್ತು.

ಇಂದು ಭಾಷಾವಿದ ಕ್ಲಾಡ್ ರಿಲ್ಲಿ ಮೆರೋಯಿಟಿಕ್ ಭಾಷೆಯನ್ನು ಪೂರ್ವ ಸುಡಾನಿಕ್ ಭಾಷೆಗಳ ನೆಂಟಸ್ತಿಕೆಯಲ್ಲಿಟ್ಟು ಅರ್ಥ ಹುಡುಕುತ್ತಿದ್ದಾರೆ. ಆದರೆ 2023ರ ಏಪ್ರಿಲ್‌ನಲ್ಲಿ ಶುರುವಾದ ಯುದ್ಧ ಸುಡಾನಿನ ಉತ್ಖನನಗಳಿಗೆ ಅಡ್ಡಬಂತು. ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು. ಈ ಕ್ಷೇತ್ರಕ್ಕೀಗ ಬೇಕಾದದ್ದು ರಾಣಿಯ ಶೌರ್ಯದ ಇನ್ನೊಂದು ಬಣ್ಣನೆಯಲ್ಲ. ಉಳಿದ ಶಾಸನಗಳನ್ನು ಕಾಪಾಡಿ, ಓದಿ, ಅವಳ ಕಡೆಯವರೇ ಬರೆದದ್ದನ್ನು ಅರಿತ ಬಳಿಕವೇ ಆ ಯುದ್ಧದ ಚರಿತ್ರೆ ನ್ಯಾಯವಾಗಿ ಬರೆಯಲ್ಪಡುತ್ತದೆ.